ಸಾವಿನ ಮನೆಯ ಅವರೆಕಾಯಿ

ಸಾವಿನ ಮನೆಗೆ ಹೋಗುವವರು ಈಗ ಅವರೆಕಾಯಿ ಒಯ್ಯುತ್ತಾರೆ. ಕೈ ಸುಮ್ಮನಿದ್ದರೆ, ದೇಶದ ಉತ್ಪಾದನೆ ಕುಸಿಯಿತೆಂದು ಸರ್ಕಾರ ಎಲ್ಲರ ಮುಂಗೈಗೆ ಕಟ್ಟಿದ ಯಂತ್ರ ಕಿರುಚಿ, ಇಡೀ ಬೀದಿಯ ಕರೆಂಟು ತೆಗೆಯುತ್ತದೆ. ಕಾಯಿ ಸುಲಿಯುತ್ತಾ ಅತ್ತರೆ ಅದಕ್ಕೆ ತಕರಾರಿಲ್ಲ.

ಗಂಡನ ಹೆಣದ ಪಕ್ಕ ಸುಲಿಯುತ್ತಾ ಕೂತಿದ್ದ ಚಿಕ್ಕತಾಯಮ್ಮನಿಗೆ, ಎತ್ತುವ ಮುಂಚೆ ಒಮ್ಮೆ ಅವನ ಕೈ ಹಿಡಿಯಬೇಕೆನಿಸಿತು. ಮೊರ ಸರಿಸಿ ಹಿಡಿದಳು. ಯಂತ್ರ ಕಿರುಚಿತು.

"ಅತ್ಗೆಮ್ಮ, ಕರೆಂಟ್ ಹೋಯ್ತದೆ, ಸುಲೀರಿ!" ನಾದಿನಿ ಗದರಿದಳು.

ಫ್ಯಾನು ನಿಂತಿತು.

ಸತ್ತವನ ಯಂತ್ರ ಬಿಚ್ಚಿಕೊಳ್ಳಲು ಬಂದಿದ್ದ ಅಧಿಕಾರಿ ಮುಖ ಸಿಂಡರಿಸಿದ. "ನಿಮ್ಮ ಯಜಮಾನರು ಒಂದು ಗಳಿಗೆ ಸುಮ್ಮನೆ ಕೂತವರಲ್ಲ. ನೀವು ಹೀಗೆ ಕೂತರೆ ದೇಶ ಮುಂದೆ ಬರುತ್ತೇನಮ್ಮಾ?"

"ಈಗ ಸುಮ್ಕೆ ಮಲಗವ್ರೆ," ಎಂದಳು ಚಿಕ್ಕತಾಯಮ್ಮ, ಕೈ ಬಿಡದೆ. "ನಿಮ್ ದೇಶಕ್ಕೆ ತಾಕತ್ತಿದ್ರೆ ಎಬ್ಬಿಸ್ಕಂಡು ಹೋಗ್ಲಿ."