ಉಸುಕಾವತಿಯ ತುಂಬು ಲೋಟ

೧೯೯೯ರ ಮೇ ೧೬, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತುಮಕೂರಿನ ಸದಾಶಿವನಗರದ ತಮ್ಮ ಮನೆಯಲ್ಲಿ ಮಹಾಲಿಂಗಯ್ಯನವರು ಮಗಳು ನಂದಿತಾಳ ಕೈಯನ್ನೇ ನೋಡುತ್ತಿದ್ದರು. ಅವಳು ತನ್ನನ್ನು ನೋಡಲು ಬಂದ ಗಂಡಿನ ಮುಂದೆ ಗಾಜಿನ ಲೋಟ ಇಟ್ಟು ತಂಬಿಗೆಯಿಂದ ನೀರು ಬಗ್ಗಿಸುತ್ತಿದ್ದಳು. ನೀರು ಅರ್ಧ ದಾಟಿತು, ಮುಕ್ಕಾಲು ದಾಟಿತು. ಅಂಚಿಗೆ ಬಂದಮೇಲೂ ಕೈ ನಿಲ್ಲಲಿಲ್ಲ. ತೊಟ್ಟು ತೊಟ್ಟಾಗಿ ಬಿಡುತ್ತ ಹೋದಳು. ಕೊನೆಗೆ ಲೋಟದ ಬಾಯಿಯ ಮೇಲೆ ನೀರು ಭೂತಗನ್ನಡಿಯ ಹಾಗೆ ಉಬ್ಬಿ ನಿಂತಿತು. ಒಂದು ಹನಿಯೂ ಚೆಲ್ಲಲಿಲ್ಲ. ತಂಬಿಗೆ ಕೆಳಗಿಟ್ಟು ಅವಳು ಅಪ್ಪನ ಮುಖ ನೋಡಿದಳು.

ಗಂಡಿನ ತಂದೆ, ಕೊತ್ತಗೆರೆಯ ಅಣ್ಣಯ್ಯಪ್ಪನವರು, ಜೋರಾಗಿ ನಕ್ಕರು. "ನೋಡ್ಲಾ ಕಿರಣ, ಕೊಡೋ ಕೈ ಅಂದ್ರೆ ಹಿಂಗಿರ್ಬೇಕು. ನಿಮ್ಮಜ್ಜಿ ಮಜ್ಜಿಗೆ ಕೊಟ್ರೂ ಅರ್ಧ ಲೋಟಾನೇ ಕಣಪ್ಪ."

"ಎತ್ತಿದ್ರೆ ಪ್ಯಾಂಟ್ ಮೇಲೇ ಬೀಳುತ್ತೆ ಅಪ್ಪಾಜಿ," ಎಂದ ಕಿರಣ್‌ಕುಮಾರ್.

"ಬಗ್ಗಿ ಹೀರ್ಕೊಳೋ. ಇನ್ಮೇಲೆ ಇದೂ ನಿನ್ ಮನೇನೆ."

ಹುಡುಗ ನಾಚಿಕೊಂಡು ಕೇಸರಿಬಾತಿನ ತಟ್ಟೆಗೆ ಕೈ ಹಾಕಿದ. ಲೋಟ ಹಾಗೇ ಉಳಿಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನಂದಿತಾಳ ತಾಯಿ ಬಸವಲಿಂಗಮ್ಮನವರೂ ನಕ್ಕರು. ಮಹಾಲಿಂಗಯ್ಯನವರು ಮಾತ್ರ ನಗಲಿಲ್ಲ. ತುಂಬು ಲೋಟದ ಅರ್ಥ ಆ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು.

ಮಹಾಲಿಂಗಯ್ಯನವರದು ಕಾಲೇಜುಗಳ ಪ್ರಯೋಗಶಾಲೆಗೆ ಗಾಜಿನ ಸಾಮಾನು ಒದಗಿಸುವ ವ್ಯಾಪಾರ. ನಂದಿತಾ ಚಿಕ್ಕವಳಿದ್ದಾಗ, ಸಂಜೆ ಕರೆಂಟು ಹೋದರೆ ಅವಳಿಗೆ ಉಸುಕಾವತಿಯ ಕಥೆ ಹೇಳುತ್ತಿದ್ದರು. ಉಸುಕಾವತಿ ಮರಳುಗಾಡಿನ ರಾಜ್ಯ; ಅವರೇ ಕಟ್ಟಿದ್ದು. ಅಲ್ಲಿ ಎದುರಾದವರನ್ನು ಊಟ ಆಯ್ತಾ ಎಂದು ಯಾರೂ ಕೇಳುವುದಿಲ್ಲ, ನಿಮ್ಮ ಬಾವಿ ಹೇಗಿದೆ ಎಂದು ಕೇಳುತ್ತಾರೆ. ಬಾವಿಗಳಿಗೆ ಹೆಸರಿಟ್ಟು ತೊಟ್ಟಿಲು ಕಟ್ಟುತ್ತಾರೆ. ಇನ್ನೊಬ್ಬರ ಹೊಸ್ತಿಲು ದಾಟುವ ಮುಂಚೆ ಜೋಡು ಕೊಡವುತ್ತಾರೆ, ಒಬ್ಬರ ಮನೆಯ ಮರಳು ಇನ್ನೊಬ್ಬರ ಮನೆಗೆ ಹೋಗಬಾರದು. ಮನೆಗೆ ಬಂದವರಿಗೆ ಅರ್ಧ ಲೋಟ ನೀರು ಕೊಟ್ಟರೆ, ಉಳಿದರ್ಧ ಇಲ್ಲೇ ಇದೆ, ಮತ್ತೆ ಬನ್ನಿ ಎಂದರ್ಥ. ಬಂದವರ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದು ಅಲ್ಲಿ ಮಹಾಪಾಪ. ಬೇಡವಾದವರಿಗೆ ಲೋಟ ತುಂಬಿ ಕೊಡುತ್ತಾರೆ: ದಾರಿಗೆ ಆಗುವಷ್ಟು ಕುಡಿದು ಹೊರಡಿ ಎಂದು. ತುಂಬಿದವರನ್ನು ಯಾಕೆ ಎಂದು ಕೇಳುವ ಹಾಗಿಲ್ಲ. ಮನೆಯ ಯಜಮಾನ ಎದ್ದು, ಬಂದವರನ್ನು ಬೀಳ್ಕೊಡಬೇಕು.

"ರಾಜ ಮೊದ್ಲೇ ಮಾತು ಕೊಟ್ಬಿಟ್ಟಿದ್ರೆ?" ಎಂದು ಎಂಟು ವರ್ಷದ ನಂದಿತಾ ಒಮ್ಮೆ ಕತ್ತಲಲ್ಲಿ ಕೇಳಿದ್ದಳು.

"ವಾಪಸ್ ತಗೋಬೇಕು ಕಣೇ. ಲೋಟ ತುಂಬಿದ್ಮೇಲೆ ರಾಜಂದೂ ನಡೆಯಲ್ಲ," ಎಂದಿದ್ದರು ಅವರು. ಆಗ ಹೇಳುವುದು ಸುಲಭವಿತ್ತು.

ಈಗ ಮಾತು ಕೊಟ್ಟವರು ಅವರೇ. ಅಣ್ಣಯ್ಯಪ್ಪ ಮಠದ ಹಾಸ್ಟೆಲಿನಲ್ಲಿ ಜೊತೆಗೆ ಬೆಳೆದ ಗೆಳೆಯ. ಗುಬ್ಬಿಯ ಮದುವೆಯೊಂದರಲ್ಲಿ ಪಕ್ಕಪಕ್ಕದ ಎಲೆಗೆ ಕೂತು, ಪಾಯಸ ಬರುವಷ್ಟರಲ್ಲಿ ಸಂಬಂಧ ಮಾತಾಡಿಕೊಂಡಿದ್ದರು. ನಂದಿತಾ ಎಂ.ಎಸ್ಸಿ. ಸೇರುತ್ತೇನೆಂದು ತಾಯಿಯ ಹತ್ತಿರ ಹೇಳಿದ್ದಳು. ನಿಮ್ಮಪ್ಪ ಮಾತು ಕೊಟ್ಟಾಗಿದೆ ಎಂದು ತಾಯಿ ಅಲ್ಲಿಗೇ ಮುಗಿಸಿದ್ದರು. ಮಹಾಲಿಂಗಯ್ಯನವರು ಮಗಳನ್ನು ಏನೂ ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೂ ಇರಲಿಲ್ಲ.

ಅಣ್ಣಯ್ಯಪ್ಪನವರು ಎಲೆ ಅಡಿಕೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. "ತಗೊಳ್ಳಿ ಬೀಗ್ರೆ. ತಾಂಬೂಲ ಬದಲಾಯಿಸ್ಕೊಂಡ್ರೆ ಮುಗೀತು."

ಮಹಾಲಿಂಗಯ್ಯನವರು ಲೋಟ ನೋಡಿದರು. ಉಬ್ಬಿದ ನೀರಿನಲ್ಲಿ ಮೇಲಿನ ಫ್ಯಾನು ಪುಟ್ಟದಾಗಿ ತಿರುಗುತ್ತಿತ್ತು. ಅವರು ಎದ್ದು ನಿಂತರು. ತಟ್ಟೆಗೆ ಕೈ ನೀಡಲಿಲ್ಲ.

"ಬೇಡ ಅಣ್ಣಯ್ಯಪ್ಪ. ನನ್ನ ಮಾತು ವಾಪಸ್ ತಗೋತಿದೀನಿ. ಹುಡುಗಿಗೆ ಇಷ್ಟ ಇಲ್ಲ."

"ಏನಯ್ಯ ಹಂಗಂದ್ರೆ? ಹುಡುಗಿ ಯಾವಾಗ ಹೇಳಿದ್ಲು? ಬಂದಾಗಿಂದ ಬಾಯೇ ಬಿಟ್ಟಿಲ್ವಲ್ಲ!"

"ಹೇಳಿದ್ಲು."

ಅಣ್ಣಯ್ಯಪ್ಪನವರು ಮಗನ ಮುಖ ನೋಡಿದರು, ಬಾಗಿಲಲ್ಲಿದ್ದ ಬಸವಲಿಂಗಮ್ಮನವರ ಮುಖ ನೋಡಿದರು. ತಟ್ಟೆ ಕೆಳಗಿಟ್ಟು, ಹೆಗಲ ಮೇಲಿನ ಟವೆಲು ಒದರಿ ಮಗನೊಂದಿಗೆ ಹೊರಟರು. ಮಹಾಲಿಂಗಯ್ಯನವರು ಗೇಟಿನವರೆಗೂ ಹೋದರು. ಅಲ್ಲಿ ಕೈ ಮುಗಿದು, ಉಸುಕಾವತಿಯ ಯಜಮಾನರು ಹೇಳುವ ಮಾತನ್ನೇ ಹೇಳಿದರು: "ಹೊತ್ತು ಮುಳುಗೋದ್ರೊಳಗೆ ದಾರೀಲಿ ಬಾವಿ ಸಿಗಲಿ."

"ಬಾವಿನಾ?" ಎಂದರು ಅಣ್ಣಯ್ಯಪ್ಪನವರು. "ಕುಣಿಗಲ್ ಬಸ್ ಸಿಕ್ರೆ ಸಾಕು ಬುಡಯ್ಯ." ತಿರುಗಿ ನೋಡಲಿಲ್ಲ.

ಒಳಗೆ ಬಸವಲಿಂಗಮ್ಮನವರ ದನಿ ಆಗಲೇ ಏರಿತ್ತು. "ಊರಿಗೆಲ್ಲ ಹೇಳಾಗಿದೆ. ನಾಳೆ ಮಠದಲ್ಲಿ ಕೇಳಿದೋರಿಗೆ ಏನಂತ ಹೇಳ್ಲಿ? ಯಾಕೆ ಹಿಂಗೆ ಮಾಡಿದ್ರಿ, ಬಾಯಿ ಬಿಟ್ಟು ಹೇಳಿ!"

ಮಹಾಲಿಂಗಯ್ಯನವರು ಒಳಗೆ ಬಂದರು. ಮಗಳನ್ನು ಯಾಕೆ ಎಂದು ಕೇಳಲಿಲ್ಲ. ಮುಂದಿನ ಕೋಣೆಯ ಬೀರುವಿನಿಂದ ಅಳತೆಯ ಗೀಟುಗಳಿದ್ದ ಹೊಸ ಪಿಪೆಟ್ಟೊಂದನ್ನು ತಂದು ಕುರ್ಚಿ ಎಳೆದು ಕುಳಿತರು. ನಂದಿತಾ ಎದುರಿಗೆ ಬಂದು ಮಂಡಿಯೂರಿ, ಕಣ್ಣನ್ನು ಲೋಟದ ಅಂಚಿಗೆ ಸಮನಾಗಿ ಹಿಡಿದಳು. ಅವರು ಗಾಜಿನ ನಳಿಗೆಯ ತುದಿಯನ್ನು ಉಬ್ಬಿದ ನೀರಿಗೆ ತಾಕಿಸಿ ನಿಧಾನವಾಗಿ ನೀರೆಳೆದರು. ಉಬ್ಬು ತಗ್ಗುತ್ತ ಬಂತು.

"ಸಾಕಪ್ಪ," ಎಂದಳು ನಂದಿತಾ. "ಸಮ ಆಯ್ತು."

ಮಹಾಲಿಂಗಯ್ಯನವರು ಪಿಪೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಗೀಟು ಓದಿದರು. ಅಂಚಿನ ಮೇಲೆ ಚೆಲ್ಲದೆ ನಿಂತಿದ್ದ ನೀರು ಆರೂವರೆ ಮಿಲಿಲೀಟರ್.