ಎಡಗಡೆಯ ನಳಿಗೆ

ಹೋದ ವರ್ಷ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಪಳಂಗಪ್ಪ ಗೆದ್ದ ಕಪ್ಪನ್ನು ನೋಡಲು ಅವನ ಮನೆಗೆ ಒಬ್ಬರೂ ಬಂದಿರಲಿಲ್ಲ. ಈ ಸಲ ರೈಫಲ್ಲು, ಕೋವಿ ಎರಡರಲ್ಲೂ ಸ್ಪರ್ಧೆಯಿತ್ತು. ಎರಡನ್ನೂ ಹೊತ್ತುಕೊಂಡು ಅವನು ಕೋವಿ ರಿಪೇರಿಯವನಲ್ಲಿಗೆ ಹೋದ. ರೈಫಲ್ಲಿಗೆ ಹೊಸ ದುರ್ಬೀನು ಹಾಕಿಸಿದ. ಆಮೇಲೆ ಅಪ್ಪನ ಕಾಲದ ಜೋಡುನಳಿಗೆ ಕೋವಿಯನ್ನು ಮುಂದಿಟ್ಟ.

"ಎಡಗಡೆಯ ನಳಿಗೆ ಕೆಟ್ಟು ಕೂತಿದೆ. ಸರಿ ಮಾಡಿಕೊಡು."

"ಅದ್ಯಾಕೆ ಅಣ್ಣ? ಸ್ಪರ್ಧೆಯಲ್ಲಿ ಒಂದು ಸಲಕ್ಕೆ ಒಂದೇ ಗುಂಡು. ಬಲಗಡೆಯದ್ದು ಚೆನ್ನಾಗಿಯೇ ಉಂಟಲ್ಲ."

"ಎರಡೂ ಒಂದರ ಹಿಂದೊಂದು ಹಾರಬೇಕು."

ರಿಪೇರಿಯವನು ನಕ್ಕ. "ಮನೆ ಹತ್ರ ಮಾತ್ರ ಹಾಗೆ ಹೊಡೀಬೇಡಿ ಮಾರಾಯ್ರೆ. ನಮ್ಮ ಕಡೆ ಜೋಡಿ ಗುಂಡು ಕೇಳಿದ್ರೆ ಸಾವಾಯ್ತು ಅಂತ ಊರೇ ಓಡಿ ಬರ್ತದೆ."

"ಗೊತ್ತುಂಟು," ಎಂದ ಪಳಂಗಪ್ಪ.

ಭಾನುವಾರ ಬೆಳಿಗ್ಗೆ ಅವನ ಮನೆಯ ಕಡೆಯಿಂದ ಎರಡು ಗುಂಡಿನ ಸದ್ದು ಕೇಳಿತು. ಊರವರೆಲ್ಲ ಬಿಳಿ ಬಟ್ಟೆ ಉಟ್ಟು ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದರು.

ಅಂಗಳದಲ್ಲಿ ಇಪ್ಪತ್ತು ಕುರ್ಚಿ ಹಾಕಿ, ನಡುವೆ ಹೋದ ವರ್ಷದ ಬಹುಮಾನದ ಕಪ್ಪನ್ನು ಉಜ್ಜಿ ಇಟ್ಟು, ಪಳಂಗಪ್ಪ ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದ.