ಕಾಯಿ ತರದವರು

ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳುಹಿಸಿದ್ದ ಕೆಂಚಪ್ಪನನ್ನು ಹೊನ್ನಯ್ಯನವರು ಕಾಮಾಲೆಯ ಬಾಯಿಂದ ಬಿಡಿಸಿ ತಂದದ್ದು, ಭದ್ರಾವತಿಯ ಕಾರ್ಖಾನೆ ಮೂರು ಪಾಳಿಯಲ್ಲೂ ಗುಡುಗುತ್ತಿದ್ದ ಕಾಲದಲ್ಲಿ. ಬೆಳಕು ಹರಿಯುವ ಮುನ್ನ ಹೊಳೆ ದಾಟಿ ಸೊಪ್ಪು ಕಿತ್ತು ತಂದು, ಹಾಲಿನಲ್ಲಿ ಅರೆದು ಕೊಟ್ಟು, ರೋಗಿಗೆ ಪಥ್ಯ ಭಾರವೆನಿಸದಿರಲೆಂದು ತಾವೂ ಉಪ್ಪು ಬಿಟ್ಟಿದ್ದರು. ಕೊನೆಗೊಂದು ದಿನ ಕೆಂಚಪ್ಪ ತಾನೇ ಸೈಕಲ್ ತುಳಿದುಕೊಂಡು ಬಂದು, ದೇವರ ಮುಂದೆ ತೆಂಗಿನಕಾಯಿ ಇಟ್ಟು ಹೋದ.

ಈ ವೃತ್ತಾಂತವನ್ನು ಅವರು ‘ನಮ್ಮ ಜನ್ನಾಪುರ’ ಎಂಬ ಫೇಸ್‌ಬುಕ್ ಗುಂಪಿಗೆ, ನಿವೃತ್ತ ಕನ್ನಡ ಮೇಷ್ಟ್ರಿಗೆ ತಕ್ಕ ಗದ್ಯದಲ್ಲಿ ಬರೆದು ಹಾಕಿದರು. ‘ಆದುದರಿಂದ ಕಾಮಾಲೆಗೆ ಆಸ್ಪತ್ರೆ ಅನಗತ್ಯ’ ಎಂದು ಮುಗಿಸಿದರು. ಮಧ್ಯಾಹ್ನದೊಳಗೆ ಬರಹ ಮಾಯವಾಗಿತ್ತು. ಗುಂಪಿನ ಉಸ್ತುವಾರಿ ಅವರ ಮೊಮ್ಮಗಳು ಸಿರಿಯದೇ.

“ಏನೇ ಮಾರಾಯ್ತಿ, ತಾತನ ಬರಹಕ್ಕೇ ಕತ್ತರಿನಾ? ಒಂದು ಅಲ್ಪವಿರಾಮ ತಪ್ಪಿದ್ರೆ ತೋರ್ಸು!”

“ಅಲ್ಪವಿರಾಮ ಎಲ್ಲಾ ಸರಿ ಇದೆ ತಾತ. ಕೊನೇ ಸಾಲು ಸರಿ ಇಲ್ಲ. ಆಸ್ಪತ್ರೆ ಬೇಡ ಅಂತ ಯಾರು ಬರೆದ್ರೂ ತೆಗೀತೀನಿ.”

“ಹಾಗಾದ್ರೆ ಕೆಂಚಪ್ಪ ಸುಳ್ಳಾ?”

“ಕೆಂಚಪ್ಪ ನಿಜ. ವಾಸಿಯಾಗದೆ ಇರೋರು ಯಾರೂ ಇರ್ಲಿಲ್ವಾ?”

ಹೊನ್ನಯ್ಯನವರು ನಕ್ಕರು. ಔಷಧಿಗೆ ಹಣ ಮುಟ್ಟಬಾರದು, ಕೊಟ್ಟವನು ರೋಗಿಯ ಹೊಸ್ತಿಲು ತುಳಿಯಬಾರದು, ಗುಣವಾದವನೇ ಕಾಯಿ ತಂದು ಒಪ್ಪಿಸಬೇಕು. ಇದು ಆ ಮನೆಗೆ ತಲೆತಲಾಂತರದಿಂದ ಬಂದ ಕಟ್ಟಳೆ. “ವಾಸಿಯಾದೋರು ಕಾಯಿ ತರ್ತಾರೆ. ತರದೋರು ಮರೆತೋರು. ಜನಕ್ಕೆ ಉಪಕಾರ ಸ್ಮರಣೆ ಇಲ್ಲ ಕಣೇ.”

ಸಿರಿ ಫೋನನ್ನು ಅವರ ಮುಂದೆ ಹಿಡಿದಳು. ಬರಹ ತೆಗೆಯುವ ಮುನ್ನ ಅದರ ಕೆಳಗಿದ್ದ ಒಂದು ಕಮೆಂಟನ್ನು ಅವಳು ಉಳಿಸಿಕೊಂಡಿದ್ದಳು. ಬರೆದವರು ಮಲವಗೊಪ್ಪದ ದುರ್ಗಮ್ಮ: ‘ನಮ್ಮ ಮನೆಯವರಿಗೂ ನೀವೇ ಔಷಧಿ ಕೊಟ್ಟಿದ್ರಿ ಮೇಷ್ಟ್ರೇ. ಕಾಯಿ ತರೋದಕ್ಕೆ ಅವರು ಉಳೀಲಿಲ್ಲ.’

ಬೈಗುಳವಿಲ್ಲ, ಆಕ್ಷೇಪವಿಲ್ಲ. ಹೊನ್ನಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಂತಿತು. ಪೇಪರ್‌ಟೌನ್ ಕಡೆಯ ಯೋಗೇಶ್ ಒಳಗೆ ಬಂದು ಕೈಮುಗಿದ. “ಅವ್ವನ್ನ ಕರ್ಕೊಂಡು ಬಂದಿದೀನಿ ಮೇಷ್ಟ್ರೇ. ಕಣ್ಣೆಲ್ಲ ಅರಿಶಿನ ಆಗಿದೆ. ನಿಮ್ಮ ಕೈಯ ಔಷಧಿ ಬಿಟ್ರೆ ಬೇರೇನೂ ಮುಟ್ಟಲ್ವಂತೆ.”

ಹೊನ್ನಯ್ಯನವರ ಕೈ ಅಭ್ಯಾಸಬಲದಿಂದ ಒರಳಿನತ್ತ ಚಾಚಿತು, ಅರ್ಧದಲ್ಲೇ ನಿಂತಿತು. ಸಿರಿ ನೆಲ ನೋಡುತ್ತಿದ್ದಳು.

“ಮೊದಲು ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗಪ್ಪಾ. ರಕ್ತ ಪರೀಕ್ಷೆ ಮಾಡ್ಸು,” ಎಂದರು. “ನನ್ನ ಔಷಧಿ ಕುಡಿದೋರೆಲ್ಲ ಬದುಕಿಲ್ಲ.”

ಯೋಗೇಶನ ಮುಖ ಅರಳಿತು.

“ಆಸ್ಪತ್ರೆಗೆ ನಡಿ ಅಂತ ನಾನು ಬಡ್ಕೊಂಡು ಬಡ್ಕೊಂಡು ಸಾಕಾಯ್ತು ಮೇಷ್ಟ್ರೇ. ಆಟೋ ಹತ್ರ ಬಂದು ಇನ್ನೊಂದ್ಸಲ ಹೇಳಿ. ಆ ಕೊನೇ ಮಾತು ಮಾತ್ರ ಸ್ವಲ್ಪ ಜೋರಾಗಿ. ಅವ್ವಂಗೆ ಕಿವಿ ಮಂದ.”